ಚಕ್ರದಿಂದ ಇಳಿದ ಕೆಂಪು

ನಮ್ಮಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಮನೆಯಲ್ಲಿ ತಟ್ಟೆ ಹಾರುತ್ತಿತ್ತು, ಬಾಗಿಲು ಬಡಿಯುತ್ತಿತ್ತು. ಅದೇ ಮನುಷ್ಯ ತನ್ನ ಕಾರು ತೊಳೆಯುವ ಶೆಡ್ಡಿಗೆ ಹೋದರೆ ಹಸುಗೂಸಿಗೆ ನೀರು ಹಾಕುವ ಅಜ್ಜಿಯಂತಾಗುತ್ತಿದ್ದ. ನೆಲಕ್ಕೆ ಬಿದ್ದ ಒರೆಸುವ ಬಟ್ಟೆಯನ್ನು ಮತ್ತೆ ಕಾರಿನ ಬಣ್ಣಕ್ಕೆ ತಾಗಿಸುತ್ತಿರಲಿಲ್ಲ. ಮೊದಲು ಚಕ್ರ, ಆಮೇಲೆ ಮೈ; ಚಕ್ರದ ಕೊಳೆ ತೊಳೆದ ಮೈಗೆ ಸಿಡಿಯಬಾರದು. ಚಕ್ರಕ್ಕೆ ಅವನು ಹೊಡೆಯುತ್ತಿದ್ದ ಕೆಮಿಕಲ್, ಬ್ರೇಕ್ ಸವೆದು ಕೂತ ಕಬ್ಬಿಣದ ಪುಡಿಗೆ ತಾಗಿದೊಡನೆ ಕೆಂಪಗಾಗಿ ಇಳಿಯುತ್ತಿತ್ತು. ಹೊಸ ಗಿರಾಕಿಗಳು ಗಾಬರಿಯಾದರೆ, ಗಾಡಿಗೆ ಉಷ್ಣ ಜಾಸ್ತಿಯಾಗಿ ಮೂಗಲ್ಲಿ ರಕ್ತ ಬಂದಿದೆ ಎಂದು ನಗಿಸುತ್ತಿದ್ದ.

ಆ ಮಧ್ಯಾಹ್ನ ಬಿಳಿ ಕಾರೊಂದು ಬಂತು. ಅದರ ಯಜಮಾನ ಬೆವರುತ್ತಿದ್ದ. ಗೇಟಿಗೆ ತಾಗಿ ಬಾನೆಟ್ಟಿನ ಮೂಲೆ ನೆಗ್ಗಿದೆ, ಅದು ಹಾಗೇ ಇರಲಿ, ಬೇಗ ತೊಳೆದು ಪಾಲಿಶ್ ಮಾಡು ಎಂದ. ಅಣ್ಣ ಎಂದಿನಂತೆ ಚಕ್ರಗಳಿಗೆ ಕೆಮಿಕಲ್ ಹೊಡೆದ. ಕೆಂಪು ನೀರು ಅಂದು ಒಂದಿಷ್ಟು ಹೆಚ್ಚೇ ಇಳಿಯಿತು. ವರ್ಷಗಟ್ಟಲೆ ಅದೇ ನೀರಿನಲ್ಲಿ ನಿಂತವನಿಗೆ ವ್ಯತ್ಯಾಸ ಕಾಣಲಿಲ್ಲ. ಚಕ್ರದ ಹಿಂದೆ ಸಿಕ್ಕಿಕೊಂಡಿದ್ದ ನೀಲಿ ಗೀಟಿನ ಬಟ್ಟೆಯ ಚೂರೊಂದನ್ನು ಎಳೆದು ಮೋರಿಗೆ ಎಸೆದ, ಪೈಪಿನ ನೀರು ಬಿಟ್ಟು ಎಲ್ಲವನ್ನೂ ಕೊಚ್ಚಿಸಿದ. ಅವನು ಬಾನೆಟ್ ಉಜ್ಜುತ್ತಿದ್ದಾಗ ನಾನು ಓಡಿಬಂದೆ.

ಅಣ್ಣನಿಗೆ ಬುತ್ತಿ ತರುತ್ತಿದ್ದ ನಮ್ಮ ತಮ್ಮನನ್ನು ಮನೆ ಹತ್ತಿರದ ತಿರುವಿನಲ್ಲೇ ಬಿಳಿ ಕಾರೊಂದು ಸೈಕಲ್ ಸಮೇತ ಗುದ್ದಿ, ಎಳೆದುಕೊಂಡು ಹೋಗಿ ಬಿಸಾಡಿತ್ತು. ಅವನ ಎದೆ ಒಡೆದಿತ್ತು. ನನ್ನ ತೊಡೆಯ ಮೇಲೆಯೇ ಪ್ರಾಣ ಬಿಟ್ಟ. ಇದನ್ನೆಲ್ಲ ಯಾವ ಬಾಯಿಂದ ಹೇಳಿದೆನೋ ನನಗೇ ತಿಳಿಯದು.

ಅಣ್ಣ ಅಳಲಿಲ್ಲ. ಒಂದೇ ಮಾತು ಕೇಳಿದ.

"ಯಾವ ಅಂಗಿ ಹಾಕಿದ್ದ?"

"ಹೊಸಾದು. ನೀಲಿ ಗೀಟಿಂದು. ಇವತ್ತೇ ಹಾಕ್ಕೊಂಡಿದ್ದ."

ಕುರ್ಚಿಯಲ್ಲಿ ಕೂತಿದ್ದ ಯಜಮಾನ ಎದ್ದು ಓಟ ಕಿತ್ತ. ಅಣ್ಣ ಚಕ್ರ ಬಿಚ್ಚುವ ಸ್ಪ್ಯಾನರ್ ಎತ್ತಿಕೊಂಡು ಬಾಗಿಲಲ್ಲೇ ಅವನನ್ನು ಹಿಡಿದ. ಮೊದಲ ಏಟಿಗೆ ಮೊಣಕಾಲು ಮುರಿಯಿತು, ಆ ಸದ್ದು ನನಗೂ ಕೇಳಿಸಿತು. ಬಿದ್ದವನ ದವಡೆಗೆ ಇನ್ನೊಂದು ಬಿತ್ತು. ಹಲ್ಲುಗಳು ಸೋಪಿನ ನೊರೆಯಲ್ಲಿ ಉದುರಿದವು. ನಾನು ತಡೆಯಲಿಲ್ಲ. ಸುಳ್ಳೇಕೆ, ಹೊಟ್ಟೆ ತಣ್ಣಗಾಗುವಷ್ಟು ನೋಡಿದೆ. ಆಮೇಲೆ ಅಣ್ಣ ಕಾರಿನ ಮೇಲೆ ತಿರುಗಿಬಿದ್ದ. ಗಾಜು ಪುಡಿಪುಡಿಯಾಯಿತು. ತಾನೇ ಹೊಳೆಯಿಸಿದ್ದ ಬಾನೆಟ್ಟನ್ನು ಒಂದು ಮೂಲೆಯನ್ನೂ ಬಿಡದೆ ಜಜ್ಜಿದ.

ಅದೇ ನಮಗೆ ಮುಳುವಾಯಿತು. ತಮ್ಮನಿಗೆ ಗುದ್ದಿದಾಗ ಆದ ನೆಗ್ಗು ಯಾವುದು, ಸ್ಪ್ಯಾನರಿನ ನೆಗ್ಗು ಯಾವುದು ಎಂದು ಕೋರ್ಟಿನಲ್ಲಿ ಕೇಳಿದರು. ಯಾರಿಂದಲೂ ಹೇಳಲಾಗಲಿಲ್ಲ. ಚಕ್ರದಲ್ಲಿ ಒಂದು ಹನಿ ರಕ್ತ ಸಿಗಲಿಲ್ಲ, ಮೋರಿಯಲ್ಲಿ ಬಟ್ಟೆ ಸಿಗಲಿಲ್ಲ. ಕುಂಟುತ್ತಾ ಬಂದಿದ್ದ ಯಜಮಾನ ಕುಂಟುತ್ತಲೇ ಮನೆಗೆ ಹೋದ. ಅಣ್ಣ ಜೈಲಿಗೆ ಹೋದ.

ನೋಡಲು ಹೋದಾಗಲೆಲ್ಲ ನಾನು ಆ ಪಾಪಿಗೆ ಹಿಡಿಶಾಪ ಹಾಕುತ್ತೇನೆ. ಅಣ್ಣ ಮಾತ್ರ ಬೈಯುವುದನ್ನೇ ಬಿಟ್ಟಿದ್ದಾನೆ. ಕಂಬಿಯಾಚೆ ಅಂಗೈ ನೋಡಿಕೊಳ್ಳುತ್ತಾ ಪ್ರತಿ ಸಲವೂ ಅದನ್ನೇ ಹೇಳುತ್ತಾನೆ.

"ಚೆನ್ನಾಗಿ ತೊಳೆದಿದ್ದೆ ಕಣೇ. ಒಂದು ಕಲೇನೂ ಬಿಟ್ಟಿರಲಿಲ್ಲ."