ಮುನಿರತ್ನಮ್ಮನ ಬಾ ಮತ್ತು ಬನ್ನಿ

ಮೊನ್ನೆ ನೆಟ್‌ವರ್ಕ್ ಸರಿಯಿಲ್ಲವೆಂದು ದೂರು ಕೊಡಲು ಮೊಬೈಲ್ ಕಂಪನಿಗೆ ಫೋನ್ ಮಾಡಿದೆ. ಮೊದಲೇ ರೆಕಾರ್ಡ್ ಮಾಡಿಟ್ಟ ಹೆಣ್ಣುದನಿಯೊಂದು ನಮಸ್ಕಾರ ಎಂದಿತು. ನೀವೂ ಕೇಳಿರುತ್ತೀರಿ. ಬಹಳ ಜನಕ್ಕೆ ಆ ದನಿ ಕೇಳಿದರೆ ರೇಗುತ್ತದೆ. ನನಗೆ ಮಾತ್ರ ಅದು ಎಲ್ಲರಿಗೂ ಒಂದೇ ಥರ ನಮಸ್ಕಾರ ಹೇಳುತ್ತದಲ್ಲ ಎಂದು ಒಳಗೊಳಗೇ ಸಮಾಧಾನ. ಇದೆಂಥ ವಿಚಿತ್ರ ಸಮಾಧಾನ ಎಂದು ಕೇಳಿದರೆ ನಾನು ಚಿಂತಾಮಣಿಯ ಕಥೆ ಹೇಳಬೇಕಾಗುತ್ತದೆ.

ಎರಡು ಸಾವಿರದ ಆರೋ ಏಳೋ ಇಸವಿ ಇರಬೇಕು. ಮೊಬೈಲ್ ಕಂಪನಿಯೊಂದು ಅಲ್ಲಿ ಗಾಜಿನ ಬಾಗಿಲಿನ ಕಚೇರಿ ತೆರೆದಿತ್ತು. ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನನಗೆ ಅಲ್ಲಿ ಟೀಮ್ ಲೀಡರ್ ಎಂಬ ಪದವಿ. ಟೀಮ್ ಎಂದರೆ ಕೌಂಟರಿನಲ್ಲಿ ಮುನಿರತ್ನಮ್ಮ, ಬಾಗಿಲಲ್ಲಿ ಸೆಕ್ಯುರಿಟಿ ನಂಜಪ್ಪ, ಅಷ್ಟೇ. ಆದರೂ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬಸ್ಸಿಳಿದಾಗ ಇಡೀ ಚಿಂತಾಮಣಿ ನನ್ನನ್ನೇ ನೋಡುತ್ತಿದೆ ಎಂದುಕೊಳ್ಳುತ್ತಿದ್ದೆ.

ಮುನಿರತ್ನಮ್ಮ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮೊದಲು ಬಸ್ ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತ್ ಇಟ್ಟಿದ್ದರು. ಮೊಬೈಲ್ ಬಂದು ಬೂತ್ ಮುಚ್ಚಿಹೋದಾಗ ಅದೇ ಮೊಬೈಲ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಕನ್ನಡ, ತೆಲುಗು, ಉರ್ದು ಮೂರೂ ಅವರ ಬಾಯಲ್ಲಿ ನೀರು ಕುಡಿದಂತೆ ಬರುತ್ತಿದ್ದವು. ಗ್ರಾಹಕರಿಗೆ ಹೇಳಬೇಕಾದ ಸ್ವಾಗತದ ಮಾತುಗಳನ್ನು ಕಂಪನಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಟ್ಟಿತ್ತು. ಮುನಿರತ್ನಮ್ಮ ಅದನ್ನು ಮಡಚಿ ಅಲ್ಲಾಡುವ ಮೇಜಿನ ಕಾಲಿನ ಕೆಳಗೆ ಇಟ್ಟರು. ಬಂದವರಿಗೆ ‘ಬಾಪ್ಪ, ಕೂತ್ಕೊ’, ‘ಬಾಮ್ಮ, ಉಂಡ್ಯಾ?’ ಎನ್ನುವರು. ಬಾಗೇಪಲ್ಲಿ ಕಡೆಯವರು ಬಂದರೆ ತೆಲುಗಿನಲ್ಲಿ ಮಕ್ಕಳು ಮರಿ ವಿಚಾರಿಸುವರು. ಮುದುಕಿಯರು ಕೆಲಸವಿಲ್ಲದಿದ್ದರೂ ಬಂದು ಅವರೆದುರು ಕೂತು ಹೋಗುತ್ತಿದ್ದರು. ಬೆಂಗಳೂರಿನ ಮ್ಯಾನೇಜರು ಫೋನಿನಲ್ಲಿ ಆಕ್ಷೇಪಿಸಿದಾಗಲೆಲ್ಲ ನಮ್ಮ ಕಡೆ ಜನಕ್ಕೆ ಹೀಗಿದ್ದರೇ ಚೆಂದ ಸಾರ್ ಎಂದು ನಾನು ವಾದ ಮಾಡುತ್ತಿದ್ದೆ. ನನಗೂ ಅವರು ‘ಬಾಮ್ಮ’ ಎನ್ನುತ್ತಿದ್ದರು. ಅದನ್ನು ಕೇಳಿದರೆ ಬಸ್ಸಿನಲ್ಲಿ ನಿಂತು ಬಂದ ಸುಸ್ತು ಅರ್ಧ ಇಳಿಯುತ್ತಿತ್ತು.

ಒಂದು ಭಾನುವಾರ ರೇಷ್ಮೆ ವ್ಯಾಪಾರಿಯೊಬ್ಬರು ಬಂದು ಹೋದರು. ಅವರ ಹಿಂದೆಯೇ ಇದ್ದ ಮೂವತ್ತರ ಗಂಡಸಿಗೆ ಮುನಿರತ್ನಮ್ಮ ‘ಬಾಪ್ಪ, ಏನು ನಿಂದು?’ ಎಂದರು. ಅವರು ಕೂರಲಿಲ್ಲ. ಮುಂದಿದ್ದವರಿಗೆ ಬನ್ನಿ ಸಾರ್ ಅಂದ್ರಿ, ನನಗೆ ಬಾ ಅಂದ್ರಿ, ಯಾಕೆ ಎಂದು ಮೆಲ್ಲಗೆ ಕೇಳಿದರು. ಮುನಿರತ್ನಮ್ಮ ನಕ್ಕು, ಎಲ್ಲರಿಗೂ ಹಂಗೇ ಅನ್ನೋದಪ್ಪ ಎಂದರು. ಬಂದವರು ದೂರಿನ ಪುಸ್ತಕ ಕೇಳಿ, ಹೆಸರು ನಾರಾಯಣಸ್ವಾಮಿ, ಹೈಸ್ಕೂಲ್ ಶಿಕ್ಷಕ, ದಿಬ್ಬೂರಹಳ್ಳಿ ಎಂದು ದುಂಡಗೆ ಬರೆದು, ಕೆಳಗೆ ಅದೇ ಪ್ರಶ್ನೆಯನ್ನು ಬರೆದರು. ಪುಸ್ತಕ ಮುಚ್ಚಿ ನನ್ನ ಮುಂದಿಟ್ಟು ಹೋದರು.

ದೂರಿನ ಪ್ರತಿ ಬೆಂಗಳೂರಿಗೆ ಹೋಯಿತು, ಅಲ್ಲಿಂದ ಅಪ್ಪಣೆ ಬಂತು. ಶುಕ್ರವಾರ ಮ್ಯಾನೇಜರು ಬರುತ್ತಾರೆ, ದೂರು ಕೊಟ್ಟವರನ್ನೂ ಕರೆಸಬೇಕು, ಅಷ್ಟರಲ್ಲಿ ನಾನು ವರದಿ ಬರೆದಿಡಬೇಕು. ಮುನಿರತ್ನಮ್ಮನ ಗಂಡ ಹಾಸಿಗೆ ಹಿಡಿದಿದ್ದರು, ಮನೆ ನಡೆಯುತ್ತಿದ್ದುದು ಈ ಕೆಲಸದಿಂದ. ಮುನಿರತ್ನಮ್ಮನೇ ಬಂದು, ಎಲ್ಲರಿಗೂ ಹಂಗೇ ಅಂತೀನಿ ಅಂತ ಬರಿ, ಅದು ನಿಜಾನೇ ಅಲ್ವಾ ಎಂದರು. ನಿಜವೇ ಎಂದುಕೊಂಡೆ. ಆದರೂ ಖಾತ್ರಿ ಇರಲಿ ಎಂದು ಎರಡು ದಿನ ಹಿಂದಿನ ಮೇಜಿನಲ್ಲಿ ಕೂತು ಹಾಳೆಯೊಂದರಲ್ಲಿ ಗುರುತು ಹಾಕಿದೆ, ಯಾರಿಗೆ ಬಾ, ಯಾರಿಗೆ ಬನ್ನಿ ಎಂದು.

ಹಾಳೆ ತುಂಬುತ್ತಾ ಬಂದಂತೆ ಗುರುತುಗಳೆಲ್ಲ ಒಂದೇ ಲೆಕ್ಕಕ್ಕೆ ಬೀಳತೊಡಗಿದವು. ಶೂ ಹಾಕಿದವರಿಗೆ ಬನ್ನಿ. ಇಸ್ತ್ರಿ ಅಂಗಿಗೆ ಬನ್ನಿ. ಕಾಲಿಗೆ ಮಣ್ಣು ಮೆತ್ತಿಕೊಂಡವರಿಗೆ ಬಾಪ್ಪ. ಮುದುಕಿಯರಲ್ಲೂ ಕೊರಳಲ್ಲಿ ಚಿನ್ನವಿದ್ದವರಿಗೆ ಬನ್ನಿ, ಇಲ್ಲದವರಿಗೆ ಬಾಮ್ಮ. ಒಂದು ಸಲವೂ ತಪ್ಪಲಿಲ್ಲ.

ಬುಧವಾರ ಮಧ್ಯಾಹ್ನ ನಾನು ಕೈ ತೊಳೆದು ಬರುವಷ್ಟರಲ್ಲಿ ಹಾಳೆ ಮುನಿರತ್ನಮ್ಮನ ಕೈಯಲ್ಲಿತ್ತು. ಕೊನೆಯವರೆಗೂ ಓದಿದರು. ಕೂಗಾಡಲಿಲ್ಲ.

‘ನಂದು ಬರ್ದೆ, ಸರಿ. ಬಾಗಿಲಲ್ಲಿ ನಿಂತಿದಾರಲ್ಲ, ನಿಮ್ಮಪ್ಪನ ವಯಸ್ಸಿನವರು, ಅವರಿಗೆ ನೀನೇನಂತೀಯ?’

ನಂಜಪ್ಪ, ನೀರು ತಗೊಂಬಾ. ನಂಜಪ್ಪ, ಬಾಗಿಲು ಹಾಕು. ವರ್ಷದಿಂದ ನಾನು ಅಂದಿದ್ದು ಇಷ್ಟೇ. ಅವರ ಮುಖ ನೋಡುವ ಧೈರ್ಯವಾಗದೆ ಆವತ್ತು ತಲೆ ತಗ್ಗಿಸಿಕೊಂಡೇ ಬಾಗಿಲು ದಾಟಿದೆ.

ವರದಿಯನ್ನು ಮೂರು ಸಲ ಬರೆದು ಹರಿದೆ. ನಾಲ್ಕನೆಯ ಸಲ ಕಂಡಿದ್ದನ್ನು ಬರೆದೆ, ಕೆಳಗೆ ನನ್ನದನ್ನೂ ಸೇರಿಸಿದೆ.

ಶುಕ್ರವಾರ ಮ್ಯಾನೇಜರು ವರದಿಯನ್ನು ಅರ್ಧ ಓದಿ ಮುಚ್ಚಿದರು. ಮೇಷ್ಟರ ಮುಂದೆ ಕೈಮುಗಿದು, ಇವರನ್ನು ಇವತ್ತೇ ಕೆಲಸದಿಂದ ತೆಗೆಯುತ್ತೇವೆ ಎಂದರು. ಮುನಿರತ್ನಮ್ಮ ಗೋಡೆಗೆ ಆನಿಕೊಂಡರು.

‘ತೆಗೀರಿ ಅಂತ ನಾನೆಲ್ಲಿ ಬರೆದಿದೀನಿ? ಯಾಕೆ ಅಂತ ಕೇಳಿದೀನಿ, ಅಷ್ಟೆ’ ಎಂದರು ಮೇಷ್ಟರು.

ಮ್ಯಾನೇಜರು ಮತ್ತೆ ಏನೋ ಹೇಳಹೋದರು. ಅಷ್ಟರಲ್ಲಿ ಮುನಿರತ್ನಮ್ಮ ಮುಂದೆ ಬಂದರು.

‘ನಿಮ್ಮ ಚಪ್ಪಲಿ ನೋಡಿದೆ ಸಾರ್. ಅಂಗಿ ಮೇಲೆ ಹಿಪ್ಪುನೇರಳೆ ಸೊಪ್ಪಿನ ಕರೆ ಇತ್ತು, ಅದನ್ನ ನೋಡಿದೆ. ಹಂಗೆ ನೋಡ್ತೀನಿ ಅಂತ ನಂಗೇ ಗೊತ್ತಿರಲಿಲ್ಲ. ಈ ಹುಡುಗಿ ಬರೆದ ಮೇಲೆ ಗೊತ್ತಾಯ್ತು.’

ಮೇಷ್ಟರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ತಮ್ಮ ತಂದೆಯ ಮಾತು ತೆಗೆದರು. ಬೇರೆಯವರ ಹೊಲದಲ್ಲಿ ದುಡಿದು, ತಲೆಗೂದಲು ಬೆಳ್ಳಗಾದ ಮೇಲೂ ಸಣ್ಣ ಮಕ್ಕಳ ಬಾಯಲ್ಲಿ ಬಾರೋ ಹೋಗೋ ಅನ್ನಿಸಿಕೊಂಡೇ ಸತ್ತರಂತೆ. ಯಾಕೆ ಹಾಗೆ ಎಂದು ಇವರು ಕೇಳಿದಾಗಲೆಲ್ಲ ಅದು ಪ್ರೀತಿಯ ಮಾತೆಂದೇ ಎಲ್ಲರೂ ಹೇಳಿದರಂತೆ. ಇಷ್ಟು ಹೇಳಿ ಪುಸ್ತಕ ತರಿಸಿಕೊಂಡು ತಮ್ಮ ಪ್ರಶ್ನೆಯ ಕೆಳಗೆ ‘ಉತ್ತರ ಸಿಕ್ಕಿತು’ ಎಂದು ಬರೆದು, ಸಹಿ ಹಾಕಿ ಹೊರಟುಹೋದರು.

ಕೆಲಸ ಉಳಿಯಿತು. ಮಾರನೆಯ ದಿನದಿಂದ ಮುನಿರತ್ನಮ್ಮ ಎಲ್ಲರಿಗೂ ಬನ್ನಿ ಎಂದರು. ನನ್ನ ಮೇಲೇನಾದ್ರೂ ಕೋಪಾನಾಮ್ಮ ಎಂದು ಮುದುಕಿಯರು ಕೇಳಿದರು. ಕೆಲವರು ಬರುವುದನ್ನೇ ಬಿಟ್ಟರು. ನಾನು ನಂಜಪ್ಪನವರೇ ಎಂದ ಮೊದಲ ದಿನ ಅವರು ಗಾಬರಿಯಾಗಿ, ಏನು ತಪ್ಪಾಯ್ತು ಮೇಡಂ ಎಂದು ಎದ್ದು ನಿಂತರು. ವರ್ಷದೊಳಗೆ ಮುನಿರತ್ನಮ್ಮ ಕೆಲಸ ಬಿಟ್ಟರು. ಹೋಗುವಾಗ ನನಗೆ ಹೇಳಲಿಲ್ಲ.

ಶಿಡ್ಲಘಟ್ಟದಲ್ಲೇ ಅವರದೊಂದು ಫ್ಯಾನ್ಸಿ ಸ್ಟೋರ್ ಇದೆಯೆಂದು ಗೊತ್ತಿದ್ದೂ ಇಷ್ಟು ವರ್ಷ ಆ ಬೀದಿಗೆ ಹೋಗಿರಲಿಲ್ಲ. ಆ ಫೋನಿನ ದನಿ ಕೇಳಿದ ದಿನ ಸಂಜೆ ಹೋದೆ. ಕೂದಲು ನರೆತಿತ್ತು. ಆರೇಳು ವರ್ಷದ ಹುಡುಗಿಯೊಬ್ಬಳಿಗೆ, ಯಾವ ಬಣ್ಣದ ರಿಬ್ಬನ್ ಕೊಡ್ಲಿ ನಿಮಗೆ ಎಂದು ಕೇಳುತ್ತಿದ್ದರು. ಹುಡುಗಿ ನಾಚಿಕೊಂಡು ನಗುತ್ತಿದ್ದಳು. ನನ್ನನ್ನು ನೋಡಿ ಗುರುತು ಹಿಡಿದು ‘ಬನ್ನಿ’ ಎಂದರು. ಸ್ಟೂಲು ತೋರಿಸಿದರು.

ನನಗೆ ಬಾ ಅನ್ನಿ ಅಕ್ಕ ಎಂದೆ.

ಅವರು ಲೇಸಿನ ಸುರುಳಿ ಬಿಚ್ಚುತ್ತಾ ನನ್ನ ಕಡೆ ನೋಡದೆ ಹೇಳಿದರು: ‘ಒಬ್ಬರಿಗೆ ಶುರು ಮಾಡಿದ್ರೆ ಮತ್ತೆ ಎಲ್ಲರ ಕಾಲು ನೋಡೋಕೆ ಶುರು ಮಾಡ್ತೀನಿ.’

ಆಮೇಲೆ ಲೇಸಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಅವರು ಅಳೆದು ಮುಗಿಸುವವರೆಗೂ ಅದನ್ನು ಬಿಗಿಯಾಗಿ ಹಿಡಿದು ಕೂತಿದ್ದೆ.