ತೇವದ ಗೋಡೆಯ ತಕರಾರು

ಸಿಡ್ನಿಯ ಪೆಂಡಲ್ ಹಿಲ್‌ನ ಆ ಬಾಡಿಗೆ ಮನೆಯ ಮಲಗುವ ಕೋಣೆಯ ಗೋಡೆ ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆಚೆ ಬದಿಯ ಬಾತ್‌ರೂಮಿನ ಪೈಪು ಒಳಗೊಳಗೇ ಸೋರಿ ಗೋಡೆಯ ತುಂಬ ಕಪ್ಪು ಬೂಷ್ಟು ಹಿಡಿದಿತ್ತು. ಎಷ್ಟು ಒರೆಸಿದರೂ ಮತ್ತೆ ಹಾಜರು. ನಾವಿಬ್ಬರೂ ಧಾರವಾಡದವರು. ಬೆಳಿಗ್ಗೆ ಎದ್ದು, ಫೋನಿನಲ್ಲಿ ತಂಬೂರಿ ಹಚ್ಚಿಕೊಂಡು ಹಾಡದಿದ್ದರೆ ನನ್ನ ಗಂಡನಿಗೆ ಚಹಾ ಇಳಿಯುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಷಡ್ಜ ಹಿಡಿದ ಕೂಡಲೇ ಕೆಮ್ಮು ಬರತೊಡಗಿತು. ಮೊದಲು ಆ ಗೋಡೆ ಸರಿಮಾಡಿಸಿ, ಇಲ್ಲದಿದ್ದರೆ ಉಸಿರು ಕೆಡುತ್ತದೆ ಎಂದರು ಡಾಕ್ಟರು.

ಮನೆಯ ಮಾಲೀಕರು ಬೆಂಗಳೂರು ಮೂಲದ ಹಿರಿಯರು, ನಮ್ಮ ಪಾಲಿಗೆ ಅಂಕಲ್. ನಮ್ಮವರು ಎಂದು ಏಜೆಂಟ್ ಇಲ್ಲದೆಯೇ ಮನೆ ಕೊಟ್ಟಿದ್ದರು. ಫೋನ್ ಮಾಡಿದಾಗಲೆಲ್ಲ "ಮಾಡಿಸೋಣಮ್ಮ, ಪ್ಲಂಬರ್‌ಗೆ ಹೇಳಿದೀನಿ" ಎನ್ನುತ್ತಿದ್ದರು. ಆ ಪ್ಲಂಬರ್ ಮುಖ ನಾವು ಕೊನೆಗೂ ಕಾಣಲಿಲ್ಲ. ಬೇರೆ ಮನೆ ಹುಡುಕೋಣವೆಂದರೆ ಮನೆ ನೋಡುವ ಒಂದೊಂದು ಇನ್‌ಸ್ಪೆಕ್ಷನ್‌ಗೂ ಬೀದಿಯುದ್ದ ಕ್ಯೂ. ಕೊನೆಗೆ ಗಂಡನ ಕೈಕಾಲು ಹಿಡಿದು ಒಪ್ಪಿಸಿ, ಬಾಡಿಗೆ ತಕರಾರು ಕೇಳುವ ರಾಜ್ಯದ ಟ್ರೈಬ್ಯುನಲ್‌ಗೆ ನಾನೇ ಅರ್ಜಿ ಹಾಕಿದೆ. ರಿಪೇರಿ ಮಾಡಿಸಿ ಎಂದು ಆದೇಶ ಕೊಡುವ ಅಧಿಕಾರ ಅದಕ್ಕಿತ್ತು. ನಮಗೆ ಬೇಕಾಗಿದ್ದದ್ದೂ ಅಷ್ಟೇ.

ವಿಚಾರಣೆಗೆ ಅಂಕಲ್ ಫೋನಿನಲ್ಲಿ ಬಂದರು. ಖುದ್ದಾಗಿ ಯಾಕೆ ಬರಲಿಲ್ಲ ಎಂದು ಅಲ್ಲಿ ಕೂತಿದ್ದ ಅಧಿಕಾರಿ ಮೇಡಂ ಕೇಳಿದರು. ಅಂಕಲ್ ಬಾಯಿ ತೆರೆಯುವ ಮೊದಲೇ ನನ್ನ ಗಂಡ ಎದ್ದು ನಿಂತ. ಅವರು ಸಿಡ್ನಿ ಬಿಟ್ಟು ಮೆಲ್ಬರ್ನಿನಲ್ಲಿ ಮಗಳ ಮನೆಯಲ್ಲೇ ನೆಲೆಸಿದ್ದಾರೆ, ಅವರ ಬೀಳ್ಕೊಡುಗೆ ಊಟದಲ್ಲಿ ಹಾಡಿದ್ದು ತಾನೇ, ಈ ವಯಸ್ಸಿನಲ್ಲಿ ಅವರನ್ನು ಓಡಾಡಿಸುವುದು ಬೇಡ ಎಂದು ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ವಿವರಿಸಿದ. ಎದುರು ಪಾರ್ಟಿಯ ಪರವಾಗಿ ನಮ್ಮವನದೇ ವಕಾಲತ್ತು!

ಮೇಡಂ ಪೆನ್ನು ಕೆಳಗಿಟ್ಟರು. ಸಿಡ್ನಿ ಇರುವುದು ಒಂದು ರಾಜ್ಯದಲ್ಲಿ, ಮೆಲ್ಬರ್ನ್ ಇನ್ನೊಂದರಲ್ಲಿ. ಒಂದು ರಾಜ್ಯದ ನಿವಾಸಿಗೂ ಇನ್ನೊಂದು ರಾಜ್ಯದ ನಿವಾಸಿಗೂ ನಡುವಿನ ವ್ಯಾಜ್ಯವನ್ನು ಸಂವಿಧಾನ ಫೆಡರಲ್, ಅಂದರೆ ಕೇಂದ್ರದ, ವ್ಯಾಪ್ತಿಗೆ ಸೇರಿಸಿದೆ, ಅದನ್ನು ಕೋರ್ಟೇ ಕೇಳಬೇಕು, ಟ್ರೈಬ್ಯುನಲ್ ಎಂದರೆ ಕೋರ್ಟ್ ಅಲ್ಲ, ಹಾಗಾಗಿ ತಾನು ಮುಟ್ಟುವ ಹಾಗಿಲ್ಲ ಎಂದರು. ನಾನು ತಂದಿದ್ದ ಫೋಟೊಗಳನ್ನು ನೋಡಲೂ ಇಲ್ಲ. ಗೋಡೆ ಸಿಡ್ನಿಯಲ್ಲೇ ಇದೆಯಲ್ಲ ಎಂದು ಕೇಳಿದೆ. ಅರ್ಥವಾಗುತ್ತದೆ, ಆದರೂ ನನ್ನ ಕೈಲಿಲ್ಲ ಎಂದರು. ಫೋನಿನಲ್ಲಿ ಅಂಕಲ್ "ಥ್ಯಾಂಕ್ಯೂ ಮೇಡಂ" ಅಂದದ್ದು ಸ್ಪಷ್ಟವಾಗಿ ಕೇಳಿಸಿತು.

ವಾಪಸ್ಸು ಬರುವಾಗ ರೈಲಿನಲ್ಲಿ, ಹಾಗಾದರೆ ಕೋರ್ಟಿಗೇ ಹೋಗೋಣ ಎಂದೆ. ಗಂಡ ಕಿಟಕಿಯಾಚೆ ನೋಡುತ್ತ ಕೂತಿದ್ದ.

"ಟ್ರೈಬ್ಯುನಲ್ ಅಂದ್ರ ಒಂದ್ ಮಾತು. ಹಿರ್ಯಾರನ್ನ ಕೋರ್ಟ್ ಕಟ್ಟಿ ಹತ್ತಸೂದು ನನ್ನ ಕೈಲೆ ಆಗೂದಿಲ್ಲ."

"ನಿನ್ನ ದನಿ ಹೋದ್ರ ನಡೀತದೇನು?"

"ಬ್ಯಾಸಗಿ ಬಂದ್ರ ಸರಿ ಹೋಗ್ತದ, ಬಿಡು."

ಬೇಸಿಗೆ ಬಂತು. ಸರಿಹೋಗಲಿಲ್ಲ. ಮುಂದೆ ನನಗೆ ಡಾಕ್‌ಲ್ಯಾಂಡ್ಸ್‌ನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ ನಾವೂ ಮೆಲ್ಬರ್ನಿಗೆ ಬಂದೆವು. ಇಲ್ಲಿಯ ಗೋಡೆಗಳು ಚೆನ್ನಾಗಿ ಒಣಗಿವೆ. ಆದರೆ ಎರಡು ಸಾಲು ಹಾಡುವಷ್ಟರಲ್ಲಿ ಅವನ ಉಸಿರು ಮುಗಿಯುತ್ತದೆ, ಈಗ ತಂಬೂರಿ ಹಚ್ಚುವುದನ್ನೇ ಬಿಟ್ಟಿದ್ದಾನೆ. ಬೆಳಗಿನ ಹೊತ್ತು ಮನೆ ಬಿಕೋ ಎನ್ನುತ್ತದೆ. ಕಾನೂನಿನ ಮೇಲೆ ಸಿಟ್ಟು ಬರುತ್ತದೆ, ಅಂಕಲ್ ಮೇಲೆ ಬರುತ್ತದೆ, ಎಲ್ಲಕ್ಕಿಂತ ಹೆಚ್ಚು ಗಂಡನ ಆ ಹಾಳು ವಿನಯದ ಮೇಲೆ ಬರುತ್ತದೆ.

ಮೊನ್ನೆ ಇಲ್ಲೇ ಗ್ಲೆನ್ ವೇವರ್ಲಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ ಅಂಕಲ್ ಸಿಕ್ಕರು. "ಈಗ ಎಲ್ರೂ ಒಂದೇ ಊರಲ್ಲಿದೀವಿ, ಒಳ್ಳೇದಾಯ್ತು" ಎಂದು ಗಂಡನ ಬೆನ್ನು ತಟ್ಟಿದರು. ಒಂದೇ ರಾಜ್ಯ ಕೂಡ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಊಟವಾದ ಮೇಲೆ ಎಲ್ಲರೆದುರು ಅವರೇ ಕರೆದರು.

"ಎಲ್ಲಿ, ಒಂದು ವಚನ ಹಾಡಪ್ಪ. ಸಿಡ್ನೀಲಿ ನಾನು ಹೊರಡುವಾಗ ಹಾಡಿದ್ಯಲ್ಲ, ಅದೇ."

ಗಂಡ ಎದ್ದು ಕೈಮುಗಿದ. "ಇವತ್ತ ಸ್ವಲ್ಪ ನೆಗಡಿ ಆಗೇದ್ರಿ, ಅಂಕಲ್."

"ಪರವಾಗಿಲ್ಲ, ಇನ್ನೊಂದ್ಸಲ ಹಾಡುವೆಯಂತೆ."

"ಆಗ್ಲಿ, ಅಂಕಲ್," ಅಂದ ನನ್ನ ಗಂಡ.