ಮತ್ತೆ ಮೂಡಿದ ಮೀಸೆ

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಇಳಕಲ್ಲಿನಿಂದ ಬಾಗಲಕೋಟೆಗೆ ಬಂದಿದ್ದ ನಮ್ಮ ಅತ್ತೆ, ಕಣ್ಣು ತಿಳಿಯಾದ ಮೇಲೆ ಒಂದೇ ಹಟ ಹಿಡಿದರು. "ನೀ ದಿನಾ ಆ ದುರ್ಬೀನಿನಾಗ ಏನ್ ನೋಡ್ತಿ, ನನಗೂ ತೋರ್ಸು." ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ರಜೆಯ ದಿನ ಅವರನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ.

ಬಾದಾಮಿಯ ಹೊಂಡದಿಂದ ತಂದು ಬೆಳೆಸಿದ್ದ ಹಸಿರು ಪಾಚಿಯ ಒಂದು ಹನಿಯನ್ನು ಅವರ 'ದುರ್ಬೀನಿನ', ಅಂದರೆ ಸೂಕ್ಷ್ಮದರ್ಶಕದ, ಕೆಳಗೆ ಇಟ್ಟೆ. ಪ್ರತಿಯೊಂದೂ ಒಂದೇ ಜೀವಕೋಶ. ಮುಂದುಗಡೆ ಮೀಸೆಯಂಥ ಸರಿಸಮನಾದ ಎರಡು ಎಳೆ, ಅವುಗಳಿಂದಲೇ ಈಜು. "ಅಯ್ಯ, ಎಷ್ಟ್ ಚಂದ ಈಸ್ತಾವ!" ಎಂದರು.

ಆಮೇಲೆ ಪಾಚಿಗೆ ಸ್ವಲ್ಪ ವಿನೆಗರ್ ಬೆರೆಸಿ, ಕೂಡಲೇ ಅಡುಗೆ ಸೋಡಾ ಹಾಕಿ ಅದರ ಹುಳಿ ಇಳಿಸಿ, ಹೊಸ ಹನಿ ತೋರಿಸಿದೆ. ಮೀಸೆಗಳೆಲ್ಲ ಕಳಚಿ ಬಿದ್ದಿದ್ದವು. ಅತ್ತೆ ನನ್ನ ಮೇಲೆ ಸಿಟ್ಟಾದರು.

ರೊಟ್ಟಿ ತಿಂದು ಬಂದು ನೋಡಿದಾಗ ಗಿಡ್ಡ ಮೀಸೆ ಮೂಡಿದ್ದವು. ಇನ್ನಷ್ಟು ಹೊತ್ತಿಗೆ ಮೊದಲಿನಷ್ಟೇ ಉದ್ದಕ್ಕೆ ಬಂದು ನಿಂತಿದ್ದವು. ಎರಡೇ, ಸರಿಸಮ.

"ಇಷ್ಟ ಸಾಕು ಅಂತ ಅದಕ್ಕ ಯಾರ್ ಹೇಳಿದ್ರು?"

"ಉದ್ದ ಆದಂಗೆಲ್ಲಾ ತುದೀಗೆ ಕಟ್ಟೂ ಸಾಮಾನು ಮುಟ್ಟೂದು ಕಡಿಮಿ ಆಗ್ತದ್ರಿ. ಕಟ್ಟೂದು, ಉದುರೂದು ಸಮ ಆದಲ್ಲಿ ನಿಲ್ತದ. ಪೂರಾ ಇನ್ನೂ ಯಾರಿಗೂ ಗೊತ್ತಿಲ್ರಿ."

ಎಷ್ಟೋ ಸಲ ಪಾಠ ಮಾಡಿದ ಮಾತೇ ಅದು. ಅಂದು ಹೇಳುವಾಗ ನನಗೂ ಹೊಸದೆನಿಸಿತು.

"ನಮ್ಮ ಮೈಯಾಗೂ ಹಿಂಗ ಅಳತಿ ಅದ ಏನು?"

"ಹೌದ್ರಿ. ತನ್ನೊಳಗಿನ ಅಂಗ ಎಷ್ಟಿರಬೇಕು, ಎಷ್ಟ್ ದೊಡ್ಡವಿರಬೇಕು ಅನ್ನೂದನ್ನ ಒಂದೊಂದು ಕೋಶಾನೂ ತಾನ ನೋಡ್ಕೋತದ."

ಅತ್ತೆ ಮತ್ತೆ ಮಸೂರಕ್ಕೆ ಕಣ್ಣು ಹಚ್ಚಿದರು. ಬಾಗಿಲು ಹಾಕುವ ಹೊತ್ತಾದರೂ ಏಳಲಿಲ್ಲ. ಏಳಿ ಎನ್ನಲು ನನಗೂ ಮನಸ್ಸಾಗಲಿಲ್ಲ.